ದಾಳಿಂಬೆಗೆ ಕ್ಲೋರಿನ್ ನೀರು, ದ್ರಾಕ್ಷಿಗೆ ನೀರೇ ಬ್ಯಾಡ

ಸಲಗರ ಬುದ್ರುಕ: ಗಿಡದಾಗ ಕಣ್ಣು ಕುಕ್ಕುವಂತಿದ್ದ ಹಣ್ಣು ಸೊಲ್ಲಾಪುರ ಮಾರುಕಟ್ಟೆ ಮುಟ್ಟುವಷ್ಟರಲ್ಲಿ ಮೆತ್ತಗಾದರೆ ವರ್ಷದ ದುಡಿಮೆ ನೀರಪಾಲು. ಕ್ರೇಟಿನಲ್ಲಿ ಒಂದೇ ಹಣ್ಣು ಕೊಳೆತಿದ್ದರೂ ಲಿಲಾವಿನಲ್ಲಿ ಅಡತಿಯವರ ಕಣ್ಣಿಗೆ ಮೊದಲು ಬೀಳೋದು ಅದೇ. ದರ ಮಾತ್ರ ಇಡೀ ಕ್ರೇಟಿಗೆ ಇಳಿಯುತ್ತದೆ.

ಸೊಲ್ಲಾಪುರ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ ಸಿಕ್ಕಿದೆ. ಹೆಸರು ಬಂತು, ಅದನ್ನು ಉಳಿಸಿಕೊಳ್ಳುವ ಕೆಲಸ ಕೊಯ್ಲಿನ ನಂತರದ ಕೆಲವೇ ತಾಸುಗಳಲ್ಲಿದೆ.

ಅಳತೆ ತಪ್ಪಬಾರದು

ದಾಳಿಂಬೆ ತೊಳೆಯಲು 100 ಲೀಟರ್ ನೀರಿಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ 200 ಮಿ.ಲೀ. ಹಾಕಿದರೆ 100 ಪಿಪಿಎಂ ಕ್ಲೋರಿನ್ ಆಗುತ್ತದೆ. ಹಣ್ಣು ಒಂದೆರಡು ನಿಮಿಷ ಮುಳುಗಿದ್ದರೆ ಸಾಕು. ನಂತರ ಶುದ್ಧ ನೀರಿನಲ್ಲಿ ಜಾಲಾಡಿಸಿ, ನೆರಳಲ್ಲಿ ಪೂರಾ ಒಣಗಿಸಬೇಕು. ಹಣ್ಣಿನ ಕಿರೀಟದಲ್ಲಿ ನೀರು ನಿಂತರೆ ಅಲ್ಲೇ ಬೂಷ್ಟು ಶುರು.

ಈ ಭಾಗದಾಗ ಬೋರ್ ನೀರು ಸವಳು ಇರೋದು ಹೆಚ್ಚು. ನೀರಿನ ಪಿಎಚ್ 8 ದಾಟಿದರೆ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ. 6.5ರಿಂದ 7.5ರೊಳಗೆ ಇರಬೇಕು. ಅದಕ್ಕಂತ ಕ್ಲೋರಿನ್ ಡಬ್ಬಿಗೇ ಆಮ್ಲ ಸುರಿದರೆ ವಿಷಗಾಳಿ ಏಳುತ್ತದೆ, ಜೀವಕ್ಕೇ ಅಪಾಯ. ನೀರು ರಾಡಿಯಾದ ಮೇಲೂ ಕ್ಲೋರಿನ್ ಉಳಿಯೋದಿಲ್ಲ. ಅದೇ ನೀರಲ್ಲಿ ದಿನವೆಲ್ಲ ತೊಳೆದರೆ ಒಂದು ಹಣ್ಣಿನ ರೋಗವನ್ನು ನೂರಕ್ಕೆ ಹಚ್ಚಿದಂಗ.

ದ್ರಾಕ್ಷಿಯ ಲೆಕ್ಕ ಬ್ಯಾರೆ

ದ್ರಾಕ್ಷಿ ಗೊನೆ ತೊಳೆಯುವಂತಿಲ್ಲ. ಕಾಳಿನ ಮೇಲಿನ ಬಿಳಿ ಪುಡಿ ಹೋಗುತ್ತದೆ, ಸಂದಿಯೊಳಗಿನ ನೀರು ಆರೋದಿಲ್ಲ. ಬೂದು ಬೂಷ್ಟು ಅಂತೂ ಸೊನ್ನೆ ಡಿಗ್ರಿ ಶೀತಗೃಹದಲ್ಲೂ ಬೆಳೆಯುತ್ತದೆ. ಅದಕ್ಕೇ ಪೆಟ್ಟಿಗೆಯಲ್ಲಿ ‘ಗ್ರೇಪ್ ಗಾರ್ಡ್’ ಹಾಳೆ ಇಡುತ್ತಾರೆ. ಅದರಲ್ಲಿನ ಸೋಡಿಯಂ ಮೆಟಾಬೈಸಲ್ಫೈಟ್ ಪೆಟ್ಟಿಗೆಯ ತೇವ ಹೀರಿ ಗಂಧಕದ ಅನಿಲ ಬಿಡುತ್ತದೆ. ಹಣ್ಣು ಹಸಿಯಿದ್ದರೆ ಅನಿಲ ಒಮ್ಮೆಲೇ ಹೊರಬಂದು ಕಾಳು ಬಿಳಿಚುತ್ತವೆ. ಇಬ್ಬನಿ ಆರಿದ ಮೇಲೇ ಕೊಯ್ಯಿರಿ ಅನ್ನೋದು ಇದಕ್ಕೇ. ಯುರೋಪಿಗೆ ಹೋಗುವ ದ್ರಾಕ್ಷಿಯಲ್ಲಿ ಈ ಅಂಶ ಕಿಲೋಗೆ 10 ಮಿ.ಗ್ರಾಂ. ದಾಟುವಂತಿಲ್ಲ. ಗಡಿಯಾಚೆ ಇಂಡಿ, ವಿಜಯಪುರ ಭಾಗದ ಬೆಳೆಗಾರರಿಗೂ ಇದೇ ಮಾತು.

ಗಾಯ ಮಾಯೋದಿಲ್ಲ

ಕ್ಲೋರಿನ್ ಆಗಲಿ ಗಂಧಕವಾಗಲಿ ಹಣ್ಣಿಗೆ ಔಷಧವಲ್ಲ, ಕಾವಲು ಅಷ್ಟೇ. ಹೂವಿದ್ದಾಗಲೇ ಒಳಹೊಕ್ಕ ದಾಳಿಂಬೆಯ ಒಳಕೊಳೆ ತೊಳೆದರೆ ಹೋಗದು. ಉಗುರು ತಾಗಿದ, ಬಿದ್ದು ಜಜ್ಜಿದ ಹಣ್ಣು ಎಷ್ಟು ತೊಳೆದರೂ ಕೊಳೆಯೋದೇ. ಹೀಗಾಗಿ ಕತ್ತರಿ, ಕ್ರೇಟು, ಕೈ ಮೊದಲು ಸ್ವಚ್ಛವಾಗಬೇಕು. ಜಜ್ಜಿದ್ದನ್ನು ಹೊಲದಲ್ಲೇ ಬೇರೆ ಮಾಡಬೇಕು. ಕೊಯ್ದ ಹಣ್ಣು ಬಿಸಿಲಿಗೆ ಬಿಡಬಾರದು. ಶೀತಗೃಹದಲ್ಲಿ ದಾಳಿಂಬೆಗೆ 5ರಿಂದ 7 ಡಿಗ್ರಿ ಸಾಕು, ಅದಕ್ಕೂ ಇಳಿಸಿದರೆ ಥಂಡಿಗೇ ಹಣ್ಣು ಕೆಡುತ್ತದೆ. ದ್ರಾಕ್ಷಿಗೆ ಸೊನ್ನೆಯಿಂದ 1 ಡಿಗ್ರಿ ಬೇಕು.

2005ರಲ್ಲಿ ಆರಂಭವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಸೊಲ್ಲಾಪುರದ ಕೇಗಾಂವದಲ್ಲೇ ಇದೆ. ದ್ರಾಕ್ಷಿಯ ರಾಷ್ಟ್ರೀಯ ಕೇಂದ್ರ ಪುಣೆ ಬಳಿಯ ಮಾಂಜರಿಯಲ್ಲಿದೆ. ಅಂಗಡಿಯವರು ಹೇಳಿದ ಅಳತೆ ನಂಬುವ ಮೊದಲು ಅಲ್ಲಿ ಕೇಳಿ ತಿಳಿದರೆ ಖರ್ಚೂ ಉಳಿದೀತು, ಹಣ್ಣೂ ಉಳಿದೀತು.