ಮಂಜಿನಲ್ಲಿ ವಿಮಾನ ಇಳಿಯುವ ಬಗೆ

ಕಡೂರು, ತರೀಕೆರೆ, ಅಜ್ಜಂಪುರದವರು ಬೆಂಗಳೂರಿನಿಂದ ಬೆಳಗಿನ ವಿಮಾನ ಹಿಡಿಯಬೇಕೆಂದರೆ ಹಿಂದಿನ ರಾತ್ರಿಯೇ ಮನೆ ಬಿಡಬೇಕು. ಅರಸೀಕೆರೆ, ತಿಪಟೂರು, ತುಮಕೂರು ದಾಟಿ ದೇವನಹಳ್ಳಿ ಮುಟ್ಟಿದ ಮೇಲೂ ಡಿಸೆಂಬರ್, ಜನವರಿಯಲ್ಲಿ ಕೆಲವೊಮ್ಮೆ ಕಾದು ಕೂರಬೇಕಾಗುತ್ತದೆ. ಕಾರಣ, ಮಂಜು.

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ಮೋಡವಿಲ್ಲದಿದ್ದರೆ ನೆಲದ ಕಾವು ಬೇಗ ಆಕಾಶಕ್ಕೆ ಹೋಗಿಬಿಡುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಅದರಲ್ಲಿನ ನೀರಾವಿ ಸಣ್ಣ ಹನಿಗಳಾಗಿ ತೇಲತೊಡಗುತ್ತದೆ. ತರೀಕೆರೆಯ ಅಡಿಕೆ ತೋಟದಲ್ಲಿ ಬೆಳಗಿನ ಜಾವ ಮಂಜು ಕಟ್ಟುವುದೂ ಹೀಗೆಯೇ. ಗಾಳಿ ಜೋರಾಗಿ ಬೀಸಿದರೆ ಮೇಲಿನ ಬೆಚ್ಚನೆಯ, ಒಣ ಗಾಳಿ ಬೆರೆತು ಮಂಜು ನಿಲ್ಲುವುದಿಲ್ಲ. ನೆಲ ಅತಿ ತಣ್ಣಗಿರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಮಂಜು ದಟ್ಟವಾಗುವುದೂ ಆಗಲೇ, ವಿಮಾನಗಳ ಓಡಾಟ ಹೆಚ್ಚುವುದೂ ಆಗಲೇ.

ಕಣ್ಣಿಗೆ ರನ್‌ವೇ ಕಾಣದಾಗ ಪೈಲಟ್ ನಂಬುವುದು ರೇಡಿಯೊ ಅಲೆಗಳನ್ನು. ರನ್‌ವೇಯ ಆಚೆ ತುದಿಯಲ್ಲಿರುವ ಆಂಟೆನಾ ಸಾಲು ಎರಡು ಸಂಕೇತಗಳನ್ನು ಕಳಿಸುತ್ತದೆ. ಇಳಿಯಲು ಬರುವ ವಿಮಾನ ಎಡಕ್ಕೆ ಸರಿದಿದ್ದರೆ 90 ಹರ್ಟ್ಸ್‌ ಸಂಕೇತ ಬಲವಾಗಿರುತ್ತದೆ, ಬಲಕ್ಕೆ ಸರಿದಿದ್ದರೆ 150 ಹರ್ಟ್ಸ್‌ನದು. ಎರಡೂ ಸಮನಾದರೆ ವಿಮಾನ ನಡುಗೆರೆಯ ನೇರಕ್ಕಿದೆ ಎಂದರ್ಥ. ವಿಮಾನ ನೆಲ ಮುಟ್ಟುವ ಜಾಗದ ಪಕ್ಕದ ಇನ್ನೊಂದು ಆಂಟೆನಾ ಇದೇ ಲೆಕ್ಕದಲ್ಲಿ ಸುಮಾರು 3 ಡಿಗ್ರಿಯ ಇಳಿಜಾರನ್ನು ತೋರಿಸುತ್ತದೆ. ಈ ಏರ್ಪಾಡಿಗೆ ಐಎಲ್‌ಎಸ್ ಎನ್ನುತ್ತಾರೆ.

ಐಎಲ್‌ಎಸ್‌ನಲ್ಲಿ ದರ್ಜೆಗಳಿವೆ. ಮೊದಲ ದರ್ಜೆಗೆ ರನ್‌ವೇ ಮೇಲೆ ಸಾಮಾನ್ಯವಾಗಿ 550 ಮೀಟರ್‌ವರೆಗಾದರೂ ಕಣ್ಣು ಹಾಯಬೇಕು. 2008ರ ಮೇನಲ್ಲಿ ಶುರುವಾದ ಈ ನಿಲ್ದಾಣಕ್ಕೆ 2019ರ ಡಿಸೆಂಬರ್‌ನಲ್ಲಿ 4,000 ಮೀಟರ್ ಉದ್ದದ ಎರಡನೇ ರನ್‌ವೇ ಬಂತು. ಅದಕ್ಕೆ ಮೂರನೇ ದರ್ಜೆಯ ಸೌಲಭ್ಯ ಇರುವುದರಿಂದ ಬರೀ 50 ಮೀಟರ್ ಕಂಡರೂ ವಿಮಾನ ಇಳಿಯಬಲ್ಲದು. ಅಷ್ಟು ದಟ್ಟ ಮಂಜಿನಲ್ಲಿ ವಿಮಾನವನ್ನು ನೆಲಕ್ಕೆ ಮುಟ್ಟಿಸುವುದು ಪೈಲಟ್‌ನ ಕೈಯಲ್ಲ, ಕಂಪ್ಯೂಟರ್.

ಆದರೆ ರನ್‌ವೇ ಒಂದಕ್ಕೇ ಸೌಲಭ್ಯವಿದ್ದರೆ ಸಾಲದು. ವಿಮಾನದಲ್ಲೂ ತಕ್ಕ ಉಪಕರಣ ಇರಬೇಕು, ಪೈಲಟ್‌ಗಳಿಗೂ ಆ ತರಬೇತಿ ಆಗಿರಬೇಕು. ಒಂದು ತಪ್ಪಿದರೂ ವಿಮಾನ ಆಕಾಶದಲ್ಲೇ ಸುತ್ತಬೇಕು, ಇಲ್ಲವೇ ಚೆನ್ನೈಗೋ ಹೈದರಾಬಾದಿಗೋ ತಿರುಗಬೇಕು. ಹಾಗಾಗಿ ಚಳಿಗಾಲದಲ್ಲಿ ಮುಂದೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ, ನಡುವೆ ಮೂರು ನಾಲ್ಕು ಗಂಟೆಯಾದರೂ ಬಿಡುವು ಇಟ್ಟುಕೊಂಡೇ ಟಿಕೆಟ್ ಮಾಡಿಸಿ.