ಬೆಂಗಳೂರು ಒಂದೇ ತಾಸು, ಅಮೆರಿಕಾ ಎರಡು ದಿನ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಈಗ ಬೆಂಗಳೂರಿನಲ್ಲಿ ಒಬ್ಬ ಮಗ, ಅಮೆರಿಕಾದಲ್ಲಿ ಒಬ್ಬ ಮಗಳು ಇರುವುದು ಹೊಸತಲ್ಲ. ವಿಮಾನದ ದೂರ, ವೇಳೆಯ ಬಗ್ಗೆ ಮಾತ್ರ ಹಲವು ತಪ್ಪು ಲೆಕ್ಕಗಳು ಹಾಗೇ ಉಳಿದಿವೆ.

‘ಸಾಂಬ್ರಾದಾಗ ವಿಮಾನ ಹತ್ತಿದ್ರ ಒಂದ್ ತಾಸಿಗೆ ಬೆಂಗಳೂರು’ ಅನ್ನುತ್ತಾರೆ. ಆಕಾಶದಲ್ಲಿ ಇರುವಷ್ಟು ಹೊತ್ತಿಗೆ ಮಾತ್ರ ಇದು ನಿಜ. ಬೆಳಗಾವಿಯ ಸಾಂಬ್ರಾ, ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 450 ಕಿ.ಮೀ. ಆದರೆ ಗೋಕಾಕದಿಂದ ಸಾಂಬ್ರಾ ತಲುಪಬೇಕು, ಎರಡು ತಾಸು ಮೊದಲೇ ಅಲ್ಲಿರಬೇಕು, ದೇವನಹಳ್ಳಿಯಲ್ಲಿ ಇಳಿದ ಮೇಲೆ ಊರೊಳಗೆ ಹೋಗಬೇಕು. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಆರೇಳು ತಾಸು. ಮೂಡಲಗಿಯವರಿಗೆ ಇನ್ನೂ ಸ್ವಲ್ಪ ಹೆಚ್ಚು. ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಹೋಗುವುದಕ್ಕಿಂತ ಬೇಗ, ನಿಜ. ಒಂದು ತಾಸು ಮಾತ್ರ ಅಲ್ಲ.

ಇದಕ್ಕಿಂತ ಗಟ್ಟಿಯಾದ ನಂಬಿಕೆ ಇನ್ನೊಂದಿದೆ. ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ವಿಮಾನ ಮೇಲೇರಿ ಪಶ್ಚಿಮಕ್ಕೆ ಮುಖ ಮಾಡಿದರೆ ಊರೇ ಎದುರು ಬರುತ್ತದೆ ಎಂಬುದು ಅದು. ಗೋಕಾಕದ ನೆಲ ಭೂಮಿಯೊಂದಿಗೆ ತಾಸಿಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ತಿರುಗುತ್ತಿರುವುದು ಸತ್ಯ. ಆದರೆ ಅದರ ಮೇಲಿನ ಗಾಳಿಯೂ ಜೊತೆಗೇ ತಿರುಗುತ್ತದೆ, ಆ ಗಾಳಿಯಲ್ಲಿ ವಿಮಾನವೂ. ಓಡುವ ರೈಲಿನೊಳಗೆ ಚೆಂಡು ಮೇಲಕ್ಕೆಸೆದರೆ ಹಿಂದಿನ ಡಬ್ಬಿಗೆ ಹೋಗದೆ ಎಸೆದ ಕೈಗೇ ಬೀಳುತ್ತದಲ್ಲ, ಹಾಗೆ. ವಾಸ್ತವದಲ್ಲಿ ಆಗುವುದು ಈ ನಂಬಿಕೆಗೆ ತಿರುವುಮುರುವು. ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಸಾದ ಗಾಳಿಯ ಹರಿವಿದೆ. ಅದು ಲಂಡನ್ನಿನಿಂದ ಬೆಂಗಳೂರಿಗೆ ಬರುವ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ, ಅತ್ತ ಹೋಗುವ ವಿಮಾನವನ್ನು ತಡೆಯುತ್ತದೆ. ಅದಕ್ಕೇ ಸಾಮಾನ್ಯವಾಗಿ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ.

ಗೋಡೆಯ ನಕಾಶೆಯಲ್ಲಿ ಗೆರೆ ಎಳೆದು ದೂರ ಅಳೆಯುವವರಿಗೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರಿಯೇ ಉತ್ತರ. ನಕಾಶೆಯ ಮೇಲೆ ಪೂರ್ವಕ್ಕೆ ನೇರ ಗೆರೆ ಹಿಡಿದು ಹಾರಿದರೆ 16,000 ಕಿ.ಮೀ. ದಾಟುತ್ತದೆ. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದ, ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಮಹಿಳಾ ಪೈಲಟ್‌ಗಳ ತಂಡ ಆ ಧ್ರುವದ ಮೇಲಿಂದಲೇ ತಂದಿಳಿಸಿತು. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿದು ನೋಡಿ, ದಾರ ತಾನಾಗಿ ಧ್ರುವದ ಕಡೆ ಸರಿಯುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ತಪ್ಪದೆ ತೋರಿಸಬೇಕಾದ ಪ್ರಯೋಗ ಇದು.

ಆ ವಿಮಾನ 9ರ ರಾತ್ರಿ ಹೊರಟು 11ರ ಬೆಳಗಿನ ಜಾವ ಇಳಿಯಿತು. ತಾರೀಖು ನೋಡಿದವರಿಗೆ ಎರಡು ದಿನ. ಹಾರಿದ್ದು ಸುಮಾರು 17 ತಾಸು. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಅಲ್ಲಿಯ ಗಡಿಯಾರದ್ದು, ಇಳಿಯುವ ವೇಳೆ ಇಲ್ಲಿಯದು. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಕ್ಕೆ ಹದಿಮೂರೂವರೆ ತಾಸಿನ ಅಂತರವಿದೆ. ಮಕ್ಕಳನ್ನು ನೋಡಲು ಮೊದಲ ಸಲ ಹೊರಟ ಹಿರಿಯರು ಮರಳಿ ಬರುವ ಟಿಕೆಟ್ಟಿನ ಇಂಥ ತಾರೀಖು ನೋಡಿಯೇ ಗಾಬರಿಯಾಗುತ್ತಾರೆ. ಅವರ ಟಿಕೆಟ್ ತೆಗೆಸುವವರು ಒಟ್ಟು ಪ್ರಯಾಣ ಎಷ್ಟು ತಾಸು, ನಡುವೆ ಎಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ದಯವಿಟ್ಟು ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿ.