ಪುಟ್ಟ ಕ್ಯಾಬಿನೆಟ್, ನಾಂಪಲ್ಲಿಯ ಮೇ ತಿಂಗಳು

ತೈವಾನಿನ ವಯಾ ಕಂಪನಿ 2001ರಲ್ಲಿ 17 ಸೆಂ.ಮೀ. ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ ತಂದಾಗ ಅದನ್ನು ಯಾರೂ ಗೇಮಿಂಗ್ ಜೊತೆ ಸೇರಿಸಿ ಯೋಚಿಸಿರಲಿಲ್ಲ. ಕಡಿಮೆ ವಿದ್ಯುತ್ ಬಳಸುವ ಸಣ್ಣ ಯಂತ್ರಗಳಿಗಾಗಿ ಹುಟ್ಟಿದ ಅಳತೆ ಅದು. ಈಗ ಅದೇ ಬೋರ್ಡಿನ ಪಕ್ಕದಲ್ಲಿ 450 ವ್ಯಾಟ್ ನುಂಗುವ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡನ್ನೂ ಕೂರಿಸುವವರಿದ್ದಾರೆ. ಮಾಮೂಲಿ ಟವರ್ 40-50 ಲೀಟರ್ ಗಾತ್ರದ್ದು. ಫ್ರ್ಯಾಕ್ಟಲ್ ಕಂಪನಿಯ ಟೆರಾ ಕ್ಯಾಬಿನೆಟ್ 10.4 ಲೀಟರ್, ಕೂಲರ್ ಮಾಸ್ಟರ್‌ನ ಎನ್‌ಆರ್200 ಸುಮಾರು 18 ಲೀಟರ್.

ಹೈದರಾಬಾದಿನ ನಾಂಪಲ್ಲಿಯ ಬಾಡಿಗೆ ಕೋಣೆಯಲ್ಲಿರುವವರಿಗೆ ಇಂಥ ಪುಟ್ಟ ಕ್ಯಾಬಿನೆಟ್ಟಿನ ಆಕರ್ಷಣೆ ಸಹಜ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಬಿಡಿಭಾಗ ಕೊಂಡು, ಜೋಡಿಸಿ, ರಜೆಗೆ ಬೀದರಿಗೋ ಕಲಬುರಗಿಗೋ ಹೊರಟಾಗ ಚೀಲದಲ್ಲಿ ಹಾಕಿಕೊಂಡು ರೈಲು ಹತ್ತಬಹುದು. ಆದರೆ ಕ್ಯಾಬಿನೆಟ್ಟುಗಳ ವಿಮರ್ಶೆಗಳು ಸಾಮಾನ್ಯವಾಗಿ 20-25 ಡಿಗ್ರಿಯ ತಂಪು ಕೋಣೆಯಲ್ಲಿ ನಡೆದ ಪರೀಕ್ಷೆಗಳನ್ನು ನಂಬಿರುತ್ತವೆ. ಇಲ್ಲಿ ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆ 38 ಡಿಗ್ರಿ ಮುಟ್ಟುವುದು ಮಾಮೂಲು.

ಕಂಪ್ಯೂಟರಿಗೆ ಕೊಟ್ಟ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 500 ವ್ಯಾಟ್ ಒಳಗೆ ಹೋದರೆ 500 ವ್ಯಾಟ್ ಬಿಸಿ ಹೊರಗೆ ಬರಬೇಕು. ಹೊರಬರುವ ಗಾಳಿ ಕೋಣೆಗಿಂತ ಹತ್ತು ಡಿಗ್ರಿಯಷ್ಟೇ ಬಿಸಿಯಾಗಿರಲಿ ಎಂದರೆ, ಸಮುದ್ರಮಟ್ಟದಲ್ಲಿ 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 42 ಲೀಟರ್ ಗಾಳಿ ಸಾಕು. ಹೈದರಾಬಾದ್ ಐನೂರು ಮೀಟರಿಗಿಂತ ಎತ್ತರದಲ್ಲಿದೆ, ಬಿಸಿಗಾಳಿ ತಾನೇ ಹಗುರ. ಎರಡೂ ಸೇರಿ ಇಲ್ಲಿ 47 ಲೀಟರ್ ಬೇಕಾಗುತ್ತದೆ. ಅಂದರೆ ಹತ್ತು ಲೀಟರಿನ ಡಬ್ಬದ ಗಾಳಿ ಸೆಕೆಂಡಿಗೆ ನಾಲ್ಕು ಸಲಕ್ಕಿಂತ ಹೆಚ್ಚು ಬದಲಾಗಬೇಕು!

ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯಿದೆ. ಶಾಖ ಹರಿಯುವುದು ತಾಪಮಾನದ ಅಂತರಕ್ಕೆ ತಕ್ಕಂತೆ. ಚಿಪ್ 85 ಡಿಗ್ರಿಯಲ್ಲಿ, ಕೋಣೆ 25ರಲ್ಲಿ ಇದ್ದರೆ ಅಂತರ 60. ಕೋಣೆ 38ಕ್ಕೆ ಏರಿದರೆ 47. ಅದೇ ಕ್ಯಾಬಿನೆಟ್, ಅದೇ ಫ್ಯಾನ್, ಆದರೆ ಹೊರಹಾಕುವ ಶಾಖ ಐದನೇ ಒಂದು ಪಾಲು ಕಡಿಮೆ. ಫ್ಯಾನ್ ವೇಗ ಹೆಚ್ಚಿಸೋಣ ಎಂದರೆ, ಶೇ 20ರಷ್ಟು ಏರಿಕೆಗೆ ಸದ್ದು ಸುಮಾರು 4 ಡೆಸಿಬೆಲ್ ಏರುತ್ತದೆ. ರಾತ್ರಿ ಹನ್ನೆರಡಕ್ಕೆ ಪಕ್ಕದಲ್ಲಿ ಮಲಗಿದವನನ್ನು ಕೇಳಿ ನೋಡಿ.

ಹಾಗಾಗಿ ಲೀಟರ್ ಲೆಕ್ಕಕ್ಕಿಂತ ಮೊದಲು ಗಾಳಿಯ ದಾರಿ ನೋಡಬೇಕು. ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಜಾಲರಿಗೇ ಮುಖಮಾಡಿ ಹೊರಗಿನ ಗಾಳಿಯನ್ನು ನೇರವಾಗಿ ಎಳೆಯುವಂತಿರಲಿ. ಗಾಜಿನ ಬದಿ ನೋಡಲು ಚೆಂದ, ಅಷ್ಟೇ. ಧೂಳಿನ ಜಾಲರಿ ಬಿಚ್ಚಿ ತೊಳೆಯುವಂತಿರಬೇಕು. ರಸ್ತೆ ಬದಿಯ ಮನೆಯಲ್ಲಿ ಅದು ವಾರಗಳಲ್ಲೇ ಕಟ್ಟಿಕೊಳ್ಳುತ್ತದೆ. ಕಾರ್ಡಿನ ಉದ್ದದ ಜೊತೆ ದಪ್ಪವನ್ನೂ ಅಳೆಯಿರಿ: ಎನ್ವಿಡಿಯಾದ್ದೇ 4090 ಕಾರ್ಡ್ 304 ಮಿ.ಮೀ. ಉದ್ದ, 61 ಮಿ.ಮೀ. ದಪ್ಪ. ಹತ್ತು ಲೀಟರಿನ ಕ್ಯಾಬಿನೆಟ್ಟಿಗೆ ಸಾಮಾನ್ಯವಾಗಿ ಎಸ್‌ಎಫ್‌ಎಕ್ಸ್ ಎಂಬ ಪುಟ್ಟ ಅಳತೆಯ ಎಸ್‌ಎಂಪಿಎಸ್ಸೇ ಬೇಕು, ಅದು ದೊಡ್ಡದಕ್ಕಿಂತ ದುಬಾರಿ.

ಇನ್ನೊಂದು ಉಪಾಯಕ್ಕೆ ಖರ್ಚಿಲ್ಲ. ಚಿಪ್ಪಿನ ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಕೊನೆಯ ಕೆಲವು ಫ್ರೇಮುಗಳು ತೀರಾ ದುಬಾರಿ. ಕಾರ್ಡಿನ ಪವರ್ ಮಿತಿಯನ್ನು ಶೇ 75-80ಕ್ಕೆ ಇಳಿಸಿದರೆ ಆಟದಲ್ಲಿ ಕಾಣುವ ನಷ್ಟ ಅಲ್ಪ, ಶಾಖದ ಇಳಿತ ಮಾತ್ರ ಭರ್ಜರಿ.

ಎಸಿ ಇಲ್ಲದ ಕೋಣೆಗೆ ನನ್ನ ಆಯ್ಕೆ 200 ವ್ಯಾಟಿನ ಆರ್‌ಟಿಎಕ್ಸ್ 4070 ದರ್ಜೆಯ ಕಾರ್ಡ್ ಮತ್ತು ಎನ್‌ಆರ್200 ಗಾತ್ರದ ಜಾಲರಿ ಕ್ಯಾಬಿನೆಟ್. ಹತ್ತು ಲೀಟರಿನ ಡಬ್ಬದಲ್ಲಿ 4090 ಬೇಕೇಬೇಕೆಂದರೆ, ಮೊದಲು ಎಸಿ ಕೊಳ್ಳಿ.